ನಮ್ಮ ಮನೆಯ ಕುಡ್ತೆ

ಅಕ್ಕನ ಮಗಳು ಬೆಂಗಳೂರಿನ ತನ್ನ ಬಾಡಿಗೆ ಮನೆಯಲ್ಲಿ ಮೊದಲ ಸಲ ಹಾಲುಬಾಯಿ ಮಾಡಲು ಹೊರಟ ದಿನ ನನ್ನ ಅಮ್ಮನಿಗೂ ಮೊಮ್ಮಗಳಿಗೂ ಫೋನಿನಲ್ಲಿ ನಡೆದ ಮಾತುಕತೆಗೆ ನಾನೇ ಸಾಕ್ಷಿ.

“ಒಂದು ಕುಡ್ತೆ ಅಕ್ಕಿ ನೆನೆಹಾಕು. ಒಂದು ಕುಡ್ತೆ ಕಾಯಿತುರಿ. ಬೆಲ್ಲ ಒಂದೂವರೆ ಕುಡ್ತೆ. ರುಬ್ಬಿ ಸೋಸಿದ ಮೇಲೆ ಹಾಲು ನಾಲ್ಕು ಕುಡ್ತೆ ಆಗುವಷ್ಟು ನೀರು ಹಾಕಿಕೋ.”

“ಕುಡ್ತೆ ಎಂದರೆ ಎಷ್ಟು ಅಜ್ಜಿ?”

“ಕುಡ್ತೆ ಎಂದರೆ ಕುಡ್ತೆ.”

“ಅದೇ, ಎಷ್ಟು?”

“ನಮ್ಮ ಮನೆಯ ಕುಡ್ತೆ ನೀನು ನೋಡಿಲ್ಲವೇ? ಅಷ್ಟು.”

ಹುಡುಗಿ ಕಂಪ್ಯೂಟರ್ ಓದಿದವಳು. ಇಂಥ ಉತ್ತರಕ್ಕೆ ಸೋಲುವವಳಲ್ಲ. ಮೊಬೈಲಿನಲ್ಲಿ ಹುಡುಕಿದಳು, ಒಬ್ಬರು 200 ಮಿಲಿ ಎಂದರು, ಇನ್ನೊಬ್ಬರು 250 ಎಂದರು. ಅಕ್ಕಿಯನ್ನು ಕೈಗೆ ಸಿಕ್ಕ ಸ್ಟೀಲ್ ಲೋಟದಲ್ಲಿ ಅಳೆದಳು, ಹಾಲನ್ನು ಗೆರೆ ಹಾಕಿದ ಪ್ಲಾಸ್ಟಿಕ್ ಜಾಡಿಯಲ್ಲಿ ಅಳೆದಳು. ಸಂಜೆಗೆ ಫೋಟೋ ಬಂತು. ತಟ್ಟೆಯಲ್ಲಿ ಹಾಲುಬಾಯಿಯ ಜಾಗದಲ್ಲಿ ಹೆಂಚಿನ ಚೂರುಗಳು ಕುಳಿತಿದ್ದವು. ಅಮ್ಮ ಕನ್ನಡಕ ಏರಿಸಿ ನೋಡಿ, “ಅಕ್ಕಿ ಹೆಚ್ಚಾಗಿದೆ, ಎರಡು ಪಾತ್ರೆಯಲ್ಲಿ ಅಳೆದಿದ್ದಾಳೆ” ಎಂದರು. ಫೋಟೋ ನೋಡಿ ಅದು ಹೇಗೆ ತಿಳಿಯಿತು ಎಂದು ನಾನು ಕೇಳಲಿಲ್ಲ. ಅಮ್ಮನನ್ನು ಕೇಳಬಾರದ ಪ್ರಶ್ನೆಗಳ ಪಟ್ಟಿಯೇ ನನ್ನ ಬಳಿ ಇದೆ.

ನಮ್ಮದು ತೀರ್ಥಹಳ್ಳಿ ಕಡೆಯ ಮನೆ. ನಮ್ಮ ಕಡೆಯೂ ಘಟ್ಟದ ಕೆಳಗೂ ಹಾಲು, ಮಜ್ಜಿಗೆ, ಎಣ್ಣೆಗೆ ಕುಡ್ತೆಯೇ ಅಳತೆ. ಬೇಕಾದರೆ ಅಕ್ಕಿ ಕಾಳಿಗೂ ಆಗುತ್ತದೆ. ಮಡಿವಂತಿಕೆ ಇಲ್ಲದ ಪಾತ್ರೆ. ಎಷ್ಟು ಎಂದು ಪಟ್ಟು ಹಿಡಿದರೆ ಕಾಲು ಲೀಟರಿನ ಆಸುಪಾಸು ಎನ್ನಬಹುದು. ಆ ‘ಆಸುಪಾಸಿ’ನಲ್ಲೇ ಕುಡ್ತೆಯ ಪೂರ್ತಿ ಸಂಸಾರ ನಡೆಯುತ್ತದೆ.

ಮನೆಯದು ಹಿತ್ತಾಳೆಯ ಕುಡ್ತೆ. ನನ್ನ ಅಜ್ಜಿಯ ಕಾಲದ್ದು. ಬಾಯಿಯ ಅಂಚು ತುಸು ಹೊರಕ್ಕೆ ಮಡಚಿದೆ, ಬುಡ ದಪ್ಪ. ಹುಣಸೆಹಣ್ಣು ಕಂಡ ದಿನ ಬಂಗಾರದ ಬಣ್ಣ, ಮೂರನೆಯ ದಿನಕ್ಕೆ ಬೆಲ್ಲದ ಬಣ್ಣ. ಒಳಗೆ ಮಾತ್ರ ಕಲಾಯಿಯ ಬೂದು. ಎತ್ತರವೂ ಅಗಲವೂ ಹೆಚ್ಚುಕಡಿಮೆ ಒಂದೇ. ಅಮ್ಮ ನಾಲ್ಕು ಬೆರಳು ಜೋಡಿಸಿ ಒಳಗೆ ಇಳಿಸಿದರೆ ಸರಿಯಾಗಿ ಕೂರುತ್ತದೆ, ನನ್ನ ಬೆರಳು ಇಳಿಸಿದರೆ ಸಿಕ್ಕಿಕೊಳ್ಳುತ್ತದೆ. ಒಂದು ಪಕ್ಕದಲ್ಲಿ ಹೆಬ್ಬೆರಳಿನಷ್ಟು ನೆಗ್ಗಿದೆ. ಅದು ನನ್ನ ಸಾಧನೆ. ಎಂಟನೆಯ ವಯಸ್ಸಿನಲ್ಲಿ ಬಾವಿಕಟ್ಟೆಯ ಮೇಲೆ ಕುಡ್ತೆಯಿಂದ ಹುರಿದ ಹಲಸಿನ ಬೀಜ ಜಜ್ಜಲು ಹೋಗಿ ಕೈ ಜಾರಿತು. ಕುಡ್ತೆ ಕಲ್ಲಿನ ಮೇಲೆ ಬಿದ್ದು ಠಣ್ ಎಂದ ಸದ್ದು, ಅದರ ಹಿಂದೆಯೇ ನನ್ನ ಬೆನ್ನಿನ ಮೇಲೆ ಆದ ಇನ್ನೊಂದು ಸದ್ದು, ಎರಡೂ ನೆನಪಿವೆ.

ಬಯಲುಸೀಮೆಯವರಿಗೆ ಇದೇ ಕೆಲಸಕ್ಕೆ ಪಾವು ಇತ್ತು. ಸೇರಿನ ಕಾಲು ಭಾಗ ಪಾವು, ಅರ್ಧ ಅಚ್ಚೇರು, ಹದಿನಾರರಲ್ಲಿ ಒಂದು ಚಟಾಕು. ಸೊಲಗೆ, ಸಿದ್ದೆ, ಮಾನ, ಬಳ್ಳ, ಕೊಳಗ ಎಂದು ಊರಿಗೊಂದು ಬಳಗ. ಇವುಗಳಲ್ಲೆಲ್ಲ ಮರ್ಯಾದೆ ಗಿಟ್ಟಿಸಿದ್ದು ಸೇರು. ಹೊಸ ಸೊಸೆ ಹೊಸಿಲಲ್ಲಿ ಬಲಗಾಲಿನಿಂದ ಒದೆಯುವುದು ಅಕ್ಕಿ ತುಂಬಿದ ಸೇರನ್ನು. ಜಗಜಟ್ಟಿಗಳು ಎದುರಾದರೆ ‘ಸೇರಿಗೆ ಸವ್ವಾಸೇರು’ ಎನ್ನುತ್ತೇವೆ. ಕುಡ್ತೆಗೆ ಗಾದೆಯ ಭಾಗ್ಯವೂ ಇಲ್ಲ, ಒದೆಸಿಕೊಳ್ಳುವ ಭಾಗ್ಯವೂ ಇಲ್ಲ. ಹಾಲಿನ ತಪ್ಪಲೆಯ ಪಕ್ಕ ಬೋರಲು ಬಿದ್ದಿರುವುದೇ ಅದರ ಪಾಲಿಗೆ ಬಂದ ಸಿಂಹಾಸನ.

ಆದರೆ ಹೆಸರಿನ ವಿಷಯದಲ್ಲಿ ಕುಡ್ತೆ ಸೇರಿಗೂ ಸವ್ವಾಸೇರು. ಪಾವು, ಚಟಾಕುಗಳೆಲ್ಲ ಉತ್ತರದಿಂದ ಆಡಳಿತದ ಬೆನ್ನು ಹತ್ತಿ ಬಂದ ಮಾತುಗಳು. ಕುಡ್ತೆ ಇಲ್ಲಿಯದೇ. ಹಳೆಯ ಕನ್ನಡದಲ್ಲಿ ಕುಡಿತೆ, ಕುಡುತೆ ಎಂದರೆ ನೀರು ಕುಡಿಯಲು ಬಟ್ಟಲಿನಂತೆ ಬಾಗಿಸಿದ ಅಂಗೈ. ಹೊಳೆಯ ಬದಿಯಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಕೈ ಮುಳುಗಿಸಿ ಎತ್ತಿದಾಗ ನಿಲ್ಲುವಷ್ಟು ನೀರು. ಸಂಸ್ಕೃತದಲ್ಲೂ ಕುಡವ ಎಂಬ ಅಳತೆ ಇದೆ. ಅದಕ್ಕೆ ಇನ್ನೊಂದು ಹೆಸರು ಅಂಜಲಿ, ಅಂದರೆ ಬೊಗಸೆ. ನಾಲ್ಕು ಕುಡವ ಒಂದು ಪ್ರಸ್ಥ, ನಾಲ್ಕು ಪ್ರಸ್ಥ ಒಂದು ಆಢಕ, ನಾಲ್ಕು ಆಢಕ ಒಂದು ದ್ರೋಣ. ಆಯುರ್ವೇದದವರು ಕುಡವದ ಪಾತ್ರೆಯನ್ನು ಹೇಗೆ ಮಾಡಿಸಬೇಕು ಎಂದೂ ಹೇಳಿದ್ದಾರೆ: ಮರದ್ದೋ ಬಿದಿರಿನದೋ ಲೋಹದ್ದೋ ಇರಲಿ, ನಾಲ್ಕು ಅಂಗುಲ ಅಗಲ, ನಾಲ್ಕು ಅಂಗುಲ ಎತ್ತರ. ಇದನ್ನು ಓದಿದ ದಿನವೇ ನಾನು ಅಮ್ಮನ ಬೆರಳನ್ನು ಕುಡ್ತೆಗೆ ಇಳಿಸಿ ನೋಡಿದ್ದು. ಕುಡಿತೆಗೂ ಕುಡವಕ್ಕೂ ಯಾರ ಮನೆಯಿಂದ ಯಾರ ಮನೆಗೆ ಕಡ ಹೋಯಿತು ಎಂಬ ಜಗಳ ಪಂಡಿತರಿಗೇ ಇರಲಿ. ನನಗೆ ಹಿಡಿಸಿದ್ದು ಇಷ್ಟು: ಇಬ್ಬರೂ ಅಳತೆ ಹುಡುಕುತ್ತಾ ಹೋಗಿ ಮುಟ್ಟಿದ್ದು ತಮ್ಮ ಕೈಯನ್ನೇ.

ಕೈಗೆ ತಕ್ಕ ಅಳತೆ, ಅಳತೆಗೆ ತಕ್ಕ ಹಸು. ನಮ್ಮ ಕೊಟ್ಟಿಗೆಯಲ್ಲಿ ಆಗ ಇದ್ದವು ಮಲೆನಾಡು ಗಿಡ್ಡ ತಳಿಯವು. ಸೊಂಟದೆತ್ತರದ ಹಸುಗಳು. ಮಳೆಗಾಲವಿಡೀ ಗುಡ್ಡದಲ್ಲಿ ಮೇಯ್ದು, ಯಾರದೋ ಬೇಲಿ ಹಾರಿ, ಬೈಗುಳ ತಿಂದು, ಸಂಜೆ ಗಂಟೆ ಅಲ್ಲಾಡಿಸುತ್ತಾ ಬಂದು ಹೊತ್ತಿಗೆ ಎರಡೋ ಮೂರೋ ಕುಡ್ತೆ ಹಾಲು ಕೊಡುತ್ತಿದ್ದವು. ಅದರಲ್ಲೂ ಕೌಲಿ ಎಂಬವಳು ಮನಸ್ಸು ಕೆಟ್ಟ ದಿನ ಒಂದು ಕುಡ್ತೆಗೇ ಮುಗಿಸಿ ಕಾಲು ಎತ್ತುತ್ತಿದ್ದಳು. ಇಂಥ ಹಸುವಿನ ಮುಂದೆ ಲೀಟರಿನ ಮಾತು ಆಡಿದರೆ ಅವಮಾನ. “ಅರ್ಧ ಲೀಟರ್ ಕೊಟ್ಟಳು” ಎಂದರೆ ಏನೋ ಕೊರತೆಯಾದಂತೆ ಕೇಳಿಸುತ್ತದೆ. “ಎರಡು ಕುಡ್ತೆ ಕೊಟ್ಟಳು” ಎಂದರೆ ತುಂಬಿ ಕೊಟ್ಟಂತೆ. ಮುಂದೆ ಜರ್ಸಿ ಬಂತು. ಒಂದೇ ಹೊತ್ತಿಗೆ ಬಕೆಟ್ ತುಂಬಿದಾಗ ಕುಡ್ತೆಯಲ್ಲಿ ಎಣಿಸುವ ತಾಳ್ಮೆ ಯಾರಿಗೆ? ಲೀಟರಿನ ಡಬ್ಬಿ ಕೊಟ್ಟಿಗೆಗೆ ಬಂದದ್ದು ಜರ್ಸಿಯ ಬಾಲ ಹಿಡಿದುಕೊಂಡೇ.

ಗಿಡ್ಡದ ಕಾಲದಲ್ಲೂ ಮನೆಯ ಖರ್ಚು ಕಳೆದು ಮಿಕ್ಕ ಹಾಲು ಎರಡು ಮನೆಗೆ ಹೋಗುತ್ತಿತ್ತು. ಅದರಲ್ಲಿ ಒಂದು ಶಾಲೆಯ ಮೇಷ್ಟರ ಮನೆ. ಬೆಳಗ್ಗೆ ಏಳಕ್ಕೆ ಮೇಷ್ಟರ ಹೆಂಡತಿ ಸೆರಗಿನ ಮರೆಯಲ್ಲಿ ಗಿಂಡಿ ಹಿಡಿದು ಬರುವರು. ಸೆರಗು ಏಕೆಂದರೆ ಹಾಲಿಗೆ ದೃಷ್ಟಿ ತಾಗಬಾರದು. ಅಮ್ಮ ಕುಡ್ತೆಯನ್ನು ತಪ್ಪಲೆಯ ಹಾಲಿನಲ್ಲಿ ಅಡ್ಡ ಮುಳುಗಿಸಿ ನೆಟ್ಟಗೆ ಎತ್ತುವರು. ನೊರೆ ಬಾಯಿಯ ಮೇಲೆ ಗುಮ್ಮಟದಂತೆ ನಿಲ್ಲುವುದು. ನೊರೆ ಹಾಲಲ್ಲ; ಇದು ಹಾಲು ಅಳೆಯುವವರ ಧರ್ಮಶಾಸ್ತ್ರದ ಮೊದಲ ಸೂತ್ರ. ಅಮ್ಮ ತುಸು ಊದಿ ನೊರೆಯನ್ನು ತಪ್ಪಲೆಗೇ ಕಳಿಸಿ, ಹಾಲು ಅಂಚಿಗೆ ಬಂದಿದೆಯೇ ಎಂದು ನೋಡಿ, ಗಿಂಡಿಗೆ ಸುರಿದು, ಕುಡ್ತೆಯನ್ನು ಬೋರಲು ಹಿಡಿದು ಕೊನೆಯ ಹನಿ ಬೀಳುವವರೆಗೂ ಕಾಯುವರು. ಎರಡನೆಯ ಕುಡ್ತೆ. ಮತ್ತೆ ಕಾಯುವುದು. ಆಮೇಲೆ ಕುಡ್ತೆಯ ತಳದಲ್ಲಿ ಒಂದಿಷ್ಟು ಮೊಗೆದು ಅಳತೆ ಇಲ್ಲದೆ ಸುರಿಯುವರು. ಅದು ಕೊಸರು.

ಕೊಸರು ಎಂಬ ಮಾತು ಇಂದಿನ ಮಕ್ಕಳಿಗೆ ಗೊತ್ತಿರಲಾರದು. ಅಳತೆ ಮುಗಿದ ಮೇಲೆ ಮಾರುವವನು ತಾನಾಗಿ ಹಾಕುವ ಹೆಚ್ಚಿನ ಚೂರು. ಹೂ ಮಾರುವವಳು ಮೊಳ ಅಳೆದ ಮೇಲೆ ಬಿಡುವ ನಾಲ್ಕು ಬೆರಳು ಹೂ, ತರಕಾರಿಯವನು ಚೀಲಕ್ಕೆ ಎಸೆಯುವ ಕರಿಬೇವು. ಹಾಕದಿದ್ದರೆ ಕೇಳುವ ಹಕ್ಕಿಲ್ಲ, ಆದರೆ ಹಾಕದಿದ್ದರೆ ನಾಳೆ ಬೇರೆ ಅಂಗಡಿ. ನಮ್ಮ ಅಮ್ಮನ ಕೊಸರು ಊರಿನಲ್ಲಿ ಹೆಸರುವಾಸಿಯಾಗಿತ್ತು. ಮೇಷ್ಟರ ಹೆಂಡತಿ ಮದುವೆಮನೆಯ ಪಂಕ್ತಿಯಲ್ಲಿ ಕುಳಿತು, “ಆ ಮನೆಯವರ ಕೈ ದೊಡ್ಡದು, ಒಂದು ದಿನ ತಪ್ಪದೆ ಕೊಸರು ಹಾಕುತ್ತಾರೆ” ಎಂದು ನಾಲ್ಕು ಜನ ಕೇಳುವಂತೆ ಹೇಳಿದ್ದನ್ನು ನಾನೇ ಕೇಳಿದ್ದೇನೆ. ಅಂದು ನನಗೆ ಹೆಮ್ಮೆಯಾಗಿತ್ತು.

ಕೊಳ್ಳುವ ಹಾಲಿನಂತೆ ಕಡದ ಹಾಲೂ ಇತ್ತು. ಹಠಾತ್ತನೆ ನೆಂಟರು ಬಂದರೆ ಪಕ್ಕದ ಮನೆಗೆ ಓಡಿ, “ಒಂದು ಕುಡ್ತೆ ಹಾಲು ಕಡ ಕೊಡಬೇಕಂತೆ” ಎನ್ನುವುದು ನನ್ನ ಉದ್ಯೋಗ. ಮರುದಿನ ತಿರುಗಿ ಕೊಡುವಾಗ ಅಮ್ಮ ನಮ್ಮ ಕುಡ್ತೆಯಲ್ಲಿ ಅಳೆಯುತ್ತಿರಲಿಲ್ಲ. “ಅವರ ಮನೆಯ ಕುಡ್ತೆ ನಮ್ಮದಕ್ಕಿಂತ ದೊಡ್ಡದು, ಅಲ್ಲಿಯೇ ಅಳೆದು ಕೊಟ್ಟು ಬಾ” ಎಂದು ತಂಬಿಗೆ ತುಂಬ ಕಳಿಸುವರು. ಕೊಟ್ಟ ಅಳತೆಯಲ್ಲೇ ತೀರಿಸಬೇಕು. ದೀಪ ಹಚ್ಚಿದ ಮೇಲೆ ಮಾತ್ರ ಹಾಲು ಮೊಸರಿನ ವ್ಯವಹಾರ ಬಂದ್. ಹೆಪ್ಪಿಗೆ ಮೊಸರು ಬೇಕಾದರೂ ಬೆಳಗಾಗಲಿ ಎನ್ನುತ್ತಿದ್ದರು.

ಆದರೆ ಈ ಎರಡು ಕುಡ್ತೆಗಳ ತಾರತಮ್ಯ ಹಾಲುಬಾಯಿಗೆ ತಾಗುವುದಿಲ್ಲ. ಶೀತ ಕೆಮ್ಮು ಬಂದರೆ ಅಜ್ಜಿಯ ಕಷಾಯಕ್ಕೂ ಅದೇ ಲೆಕ್ಕ: ನಾಲ್ಕು ಕುಡ್ತೆ ನೀರು ಇಟ್ಟು ಒಂದು ಕುಡ್ತೆಗೆ ಇಳಿಸು. ಯಾವ ಕುಡ್ತೆ ಎಂಬ ಪ್ರಶ್ನೆಯೇ ಏಳುವುದಿಲ್ಲ. ದೊಡ್ಡ ಕುಡ್ತೆಯ ಮನೆಯಲ್ಲಿ ಹೆಚ್ಚು ಕಷಾಯ, ಸಣ್ಣದರ ಮನೆಯಲ್ಲಿ ಕಡಮೆ. ಕಹಿ ಮಾತ್ರ ಎರಡೂ ಕಡೆ ಒಂದೇ. ಒಂದೇ ಪಾತ್ರೆಯಲ್ಲಿ ಎಲ್ಲವನ್ನೂ ಅಳೆದರೆ ಸಾಕು, ಅದು ಎಷ್ಟು ಹಿಡಿಯುತ್ತದೆ ಎಂಬುದು ಅಡುಗೆಗೆ ಬೇಡ. ಹೊಸಿಲು ದಾಟಿ ಇನ್ನೊಬ್ಬರ ಗಿಂಡಿಗೆ ಸುರಿಯುವಾಗಲೇ ‘ಎಷ್ಟು’ ಎಂಬ ಪೀಡೆ ಅಂಟಿಕೊಳ್ಳುವುದು. ಪರಿಚಯದವರಾದರೆ ಕುಡ್ತೆ ಸಾಕು. ಮುಖ ಕಾಣದವರಿಗೆ ಮಾರಬೇಕಾದರೆ ಸರಕಾರ ಬೇಕು.

ದೇವರಿಗೆ ಕೊಡುವಾಗ ಏನು ಲೆಕ್ಕ? ನಮ್ಮ ಶಾಸನಗಳಲ್ಲಿ ನಂದಾದೀವಿಗೆಗೆ ಗಾಣದವರು ಸೊಲ್ಲಗೆ ಎಣ್ಣೆ ಬಿಟ್ಟ ಮಾತು ಮತ್ತೆ ಮತ್ತೆ ಬರುತ್ತದೆ. ಶ್ರವಣಬೆಳಗೊಳದಲ್ಲಿ 13ನೆಯ ಶತಮಾನದ ಭಕ್ತರು ಗದ್ಯಾಣಗಳನ್ನು ಮೂಲಧನವಾಗಿ ಇಟ್ಟು, ಬಡ್ಡಿಯಿಂದ ಗೊಮ್ಮಟನ ನಿತ್ಯಾಭಿಷೇಕಕ್ಕೆ ಇಂತಿಷ್ಟು ಮಾನ ಹಾಲು ಎಂದು ಕಲ್ಲಿನಲ್ಲಿ ಕೊರೆಸಿದ್ದಾರೆ. ಇಂದಿನ ಬ್ಯಾಂಕಿನವರು ನಾಚುವಷ್ಟು ಕಟ್ಟುನಿಟ್ಟು. ಆದರೆ ಅದೇ ಬೆಟ್ಟದ ಮೇಲೆ ಗೊಮ್ಮಟನಿಗೆ ಎದುರಾಗಿ ನಿಂತಿರುವ ಮುದುಕಿಯ ಲೆಕ್ಕ ಬೇರೆ. 58 ಅಡಿಯ ಮೂರ್ತಿಗೆ ಚಾವುಂಡರಾಯ ಕೊಡಗಟ್ಟಲೆ ಹಾಲು ಹೊಯ್ಯಿಸಿದರೂ ಸೊಂಟದಿಂದ ಕೆಳಗೆ ಇಳಿಯಲಿಲ್ಲವಂತೆ. ಗುಳ್ಳಕಾಯಿಯ ಚಿಪ್ಪಿನಲ್ಲಿ ಅಜ್ಜಿ ತಂದ ಹಾಲು ಪಾದ ತೋಯಿಸಿ ಬೆಟ್ಟದ ಕೆಳಕ್ಕೂ ಹರಿಯಿತಂತೆ. ಗುಳ್ಳಕಾಯಿ ಎಷ್ಟು ಹಿಡಿದೀತು? ಕುಡ್ತೆಗಿಂತ ಕಡಮೆಯೇ. 2018ರ ಮಹಾಮಸ್ತಕಾಭಿಷೇಕವನ್ನು ಟಿವಿಯಲ್ಲಿ ನೋಡುತ್ತಿದ್ದಾಗ ನಾನು ಈ ಕಥೆಯ ತಾತ್ಪರ್ಯದ ಬಗ್ಗೆ ಏನೋ ದೊಡ್ಡ ಮಾತು ಆಡಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅಮ್ಮ, “ಮೇಲಿನಿಂದ ಬಿಳಿಯಾಗಿ ಇಳಿಯುತ್ತಿದೆಯಲ್ಲ, ಎಷ್ಟು ಕುಡ್ತೆ ಆದೀತು?” ಎಂದರು. ನಾನು ಬಾಯಿ ಮುಚ್ಚಿದೆ.

ಸರಕಾರ ಅಂದೆನಲ್ಲ. ದೇಶಕ್ಕೆಲ್ಲ ಒಂದೇ ಅಳತೆ ಎಂಬ ಕಾನೂನು 1956ರಲ್ಲಿ ಆಯಿತು, 1958ರ ಅಕ್ಟೋಬರಿನಿಂದ ಜಾರಿಗೆ ಬರತೊಡಗಿತು, 1962ರ ಏಪ್ರಿಲ್ ಹೊತ್ತಿಗೆ ವ್ಯಾಪಾರದಲ್ಲಿ ಸೇರು, ಪಾವು, ಕುಡ್ತೆಗಳ ಕಥೆ ಕಾಗದದ ಮೇಲೆ ಮುಗಿಯಿತು. ನಮ್ಮ ಅಮ್ಮ ಮದುವೆಯಾಗಿ ಬಂದದ್ದೇ ಅದಾಗಿ ಹತ್ತು ವರ್ಷದ ಮೇಲೆ. ಅಂದರೆ ಮೇಷ್ಟರ ಹೆಂಡತಿಗೆ ಅಳೆದ ಮೊದಲ ಕುಡ್ತೆಯಿಂದಲೂ ಅವರು ಅಪರಾಧಿ. ಈಗ 2009ರ ಹೊಸ ಕಾನೂನು ಇದೆ, ಕಾನೂನು ಮಾಪನಶಾಸ್ತ್ರ ಇಲಾಖೆ ಎಂಬ ಭರ್ಜರಿ ಹೆಸರಿನ ಇಲಾಖೆ ಇದೆ. ಅಂಗಡಿಯ ಅಳತೆಗಳಿಗೆ ಮುದ್ರೆ ಹಾಕುವುದು ಅವರ ಕೆಲಸ. ಮುದ್ರೆ ಇಲ್ಲದ, ಮೆಟ್ರಿಕ್ ಅಲ್ಲದ, ಮೇಲಾಗಿ ನೆಗ್ಗಿದ ಪಾತ್ರೆಯಲ್ಲಿ ಹಾಲು ಮಾರಿದ್ದಕ್ಕೆ ಏನು ಶಿಕ್ಷೆಯೋ! ಈ ಮಾತನ್ನು ಅಮ್ಮನಿಗೆ ಹೇಳಿದೆ. “ಬರಲಿ, ಕಾಫಿ ಕುಡಿದು ಹೋಗಲಿ” ಎಂದರು. ಯಾವ ಅಳತೆಯ ಕಾಫಿ ಎಂದು ಹೇಳಲಿಲ್ಲ.

ನಾನು ಲೀಟರಿನ ವೈರಿಯಲ್ಲ. ಊರಿಗೊಂದು ಕುಡ್ತೆ ಇದ್ದಾಗ ಮೋಸ ಹೋದವರು ಬಡವರೇ. ಕೊಡುವಾಗ ಸಣ್ಣ ಕೊಳಗ, ತೆಗೆದುಕೊಳ್ಳುವಾಗ ದೊಡ್ಡ ಕೊಳಗ ಇಟ್ಟುಕೊಂಡ ಸಾಹುಕಾರರ ಕಥೆ ನಮ್ಮ ಊರಿನಲ್ಲೂ ಇವೆ. ಬೆಂಗಳೂರಿನಲ್ಲಿ ಬೆಳಗ್ಗೆ ಬಾಗಿಲಿನ ಚಿಲಕಕ್ಕೆ ನೇತುಹಾಕಿದ ಪ್ಯಾಕೆಟ್ಟಿನಲ್ಲಿ ಅರ್ಧ ಲೀಟರ್ ಎಂದರೆ ಅರ್ಧ ಲೀಟರ್. ನನಗೆ ಸಿಟ್ಟು ಬರುವುದು ಪ್ಯಾಕೆಟ್ಟಿಗೆ ಕೊಸರು ಗೊತ್ತಿಲ್ಲ ಎಂಬುದಕ್ಕೆ. ಒಮ್ಮೆ ಮಾತ್ರ ಗೊತ್ತಾಗಿತ್ತು. 2024ರ ಜೂನ್ ಕೊನೆಯಲ್ಲಿ ನಂದಿನಿ ಹಾಲಿನ ಪ್ರತಿ ಪ್ಯಾಕೆಟ್ಟಿಗೂ 50 ಮಿಲಿ ಹೆಚ್ಚು ಹಾಲು ಸೇರಿ, ಬೆಲೆಗೆ 2 ರೂಪಾಯಿ ಸೇರಿತು. ಅರ್ಧ ಲೀಟರ್ 550 ಆಯಿತು. ಮರುವರ್ಷ ಏಪ್ರಿಲಿನಲ್ಲಿ ಲೀಟರಿಗೆ 4 ರೂಪಾಯಿ ಏರಿತು, 50 ಮಿಲಿ ಮಾಯವಾಯಿತು. ಆ ಒಂಬತ್ತು ತಿಂಗಳು ನಮ್ಮ ಮನೆಯಲ್ಲಿ ಮಧ್ಯಾಹ್ನ ನಾಲ್ಕು ಗಂಟೆಗೆ ಯಾರ ಲೆಕ್ಕಕ್ಕೂ ಸೇರದ ಅರ್ಧ ಲೋಟ ಕಾಫಿ ಒಂದು ಹುಟ್ಟುತ್ತಿತ್ತು. ಅದನ್ನು ನಾನು ಕುಡಿಯುತ್ತಿದ್ದೆ. ದುಡ್ಡು ಕೊಟ್ಟ ಕೊಸರು ಕೊಸರಲ್ಲ ಎಂದು ಅಮ್ಮ ಅಂದರೂ ಕಾಫಿ ಚೆನ್ನಾಗಿತ್ತು.

ಇನ್ನು ಮಿಲಿಲೀಟರು ಅಡುಗೆಮನೆಗೆ ಕಾಲಿಟ್ಟಿದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬಾಗಿಲವರೆಗೆ ಬಂದು ಪ್ಯಾಕೆಟ್ಟಿನ ಜೊತೆ ಕಸದ ಬುಟ್ಟಿಗೆ ಹೋಗುತ್ತದೆ. ಒಳಗೆ ನಡೆಯುವುದೆಲ್ಲ ಲೋಟ, ಸೌಟು, ಚಮಚದ ರಾಜ್ಯ. ವಾರಪತ್ರಿಕೆಯ ಅಡುಗೆ ಅಂಕಣದಲ್ಲಿ ‘ಹಾಲು 2 ಕಪ್’ ಎಂದಿರುತ್ತದೆ, ಯಾವ ಕಪ್ ಎಂದು ಯಾರೂ ಕೇಳುವುದಿಲ್ಲ. ಕುಡ್ತೆಗೆ ಮಾತ್ರ ಪಾಟೀಸವಾಲು. ಅಮೆರಿಕದಲ್ಲಿರುವ ನನ್ನ ತಂಗಿಯ ಮನೆಯಲ್ಲಿ ಕಪ್ ಎಂದರೆ ನಿಜಕ್ಕೂ ಒಂದು ಅಳತೆ, ಸುಮಾರು 237 ಮಿಲಿ. ಸಾಸಿವೆ ಡಬ್ಬಿಯ ಪಕ್ಕದಲ್ಲೇ ಅದು ಇರುತ್ತದೆ. ನಮ್ಮ ಕುಡ್ತೆಯ ದೂರದ ದಾಯಾದಿಯಂತೆ ಕಾಣುತ್ತದೆ. ಅವಳ ಹಾಲುಬಾಯಿ ಎಂದೂ ಕೆಟ್ಟಿಲ್ಲ. ಬೆಂಗಳೂರಿನ ಹೋಟೆಲುಗಳು ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಂಚಿ ‘ಬೈಟು’ ಎಂಬ ಹೊಸ ಅಳತೆಯನ್ನೇ ಹುಟ್ಟಿಸಿವೆ. ಅದು ಎಷ್ಟು ಮಿಲಿ ಎಂದು ಕೇಳಿದವನಿಗೆ ಕಾಫಿ ಸಿಗುವುದಿಲ್ಲ. ಇನ್ನು ಮದ್ಯದಂಗಡಿಯ ಮುಂದೆ ನಿಂತವರು 180 ಮಿಲಿ ಕೊಡಿ ಎಂದು ಕೇಳಿದ್ದನ್ನು ಯಾರೂ ಕಂಡಿರಲಾರರು. ಕ್ವಾರ್ಟರ್ ಎಂದರೆ ಕ್ವಾರ್ಟರ್. ನಮ್ಮ ಅಮ್ಮನ ಉತ್ತರವೇ.

ಕಳೆದ ದೀಪಾವಳಿಗೆ ಊರಿಗೆ ಹೋದವನು ಹಿಂತಿರುಗುವಾಗ ಕುಡ್ತೆಯನ್ನು ಹಳೆಯ ಪಂಚೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡೆ. ಅಮ್ಮನೇ ಕೊಟ್ಟರು. ಕೊಟ್ಟಿಗೆ ಖಾಲಿಯಾಗಿ ಆರು ವರ್ಷವಾಗಿದೆ. ಈಗ ಅಲ್ಲೂ ಪ್ಯಾಕೆಟ್. “ಅವಳಿಗೆ ಕೊಡು, ಒಂದೇ ಪಾತ್ರೆಯಲ್ಲಿ ಅಳೆಯಲು ಹೇಳು” ಎಂದರು.

ಅಕ್ಕನ ಮಗಳು ಕುಡ್ತೆಯನ್ನು ತಿರುಗಿಸಿ ಮುರುಗಿಸಿ ನೋಡಿ, ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಇಟ್ಟಳು. ಗುಂಡಿ ಒತ್ತಿ ಸೊನ್ನೆ ಮಾಡಿದಳು. ಅಂಚಿನವರೆಗೆ ನೀರು ತುಂಬಿದಳು. ಕೊನೆಗೆ ಚಮಚದಲ್ಲಿ ಹನಿ ಹನಿಯಾಗಿ ಸೇರಿಸಿದಳು. ನೀರು ಅಂಚಿನ ಮೇಲೆ ಉಬ್ಬಿ ನಿಂತು ನಡುಗಿತು. 228 ಗ್ರಾಂ. “ಅಂದರೆ 228 ಮಿಲಿ!” ಎಂದಳು, ನದಿಯ ಮೂಲ ಕಂಡುಹಿಡಿದವರ ಧಾಟಿಯಲ್ಲಿ. ಬಿಳಿಯ ಚೀಟಿಯ ಮೇಲೆ ಅದನ್ನು ಬರೆದು ಕುಡ್ತೆಗೆ ಅಂಟಿಸಿ ಅಜ್ಜಿಗೆ ವಿಡಿಯೊ ಕರೆ ಮಾಡಿ ತೋರಿಸಿದಳು.

ಅಮ್ಮ ಚೀಟಿಯನ್ನು ನೋಡಲಿಲ್ಲ. “ನೆಗ್ಗಿಗೆ ಎಷ್ಟು ಸೇರಿಸಿದೆ?” ಎಂದರು.

“ನೆಗ್ಗಿಗೆ ಏಕೆ ಸೇರಿಸಬೇಕು ಅಜ್ಜಿ?”

“ಹಾಲುಬಾಯಿಗೆ ಬೇಡ. ಆದರೆ ನೀನು ಕುಡ್ತೆ ಎಂದರೆ ಎಷ್ಟು ಎಂದು ಕೇಳಿದೆಯಲ್ಲ? ನಿನ್ನ ಮಾವ ಅದನ್ನು ಕಲ್ಲಿಗೆ ಹಾಕಿದ ಮೇಲೆ ಅದು ಕುಡ್ತೆಯೇ ಅಲ್ಲ. ಎರಡು ಚಮಚದಷ್ಟು ಕಡಮೆ ಹಿಡಿಯುತ್ತದೆ. ತಟ್ಟಿಸಿ ಸರಿಮಾಡೋಣ ಎಂದರೆ ಕಂಚುಗಾರ ಬೇಡ ಎಂದ. ತಟ್ಟಿದರೆ ಹಿತ್ತಾಳೆ ಹಿಗ್ಗುತ್ತದೆ, ಹೆಚ್ಚು ಹಿಡಿಯುತ್ತದೆ ಎಂದ. ಹಾಗೇ ಇಟ್ಟುಕೊಂಡೆ.”

ನಾನು ಮೊಬೈಲನ್ನು ಹುಡುಗಿಯ ಕೈಯಿಂದ ತೆಗೆದುಕೊಂಡೆ. “ಹಾಗಾದರೆ ಮೇಷ್ಟರ ಮನೆಗೆ ದಿನಾ ಹಾಕುತ್ತಿದ್ದ ಕೊಸರು?”

“ಕೊಸರು ಎಲ್ಲಿ ಬಂತು?” ಎಂದರು ಅಮ್ಮ. “ಅದು ಅವರದೇ ಹಾಲು. ಎರಡು ಕುಡ್ತೆಗೆ ನಾಲ್ಕು ಚಮಚ.”

“ಅವರು ಊರೆಲ್ಲ ಹೊಗಳುತ್ತಿದ್ದರಲ್ಲ, ನೀವು ಹೇಳಲಿಲ್ಲವೇ?”

“ಹೇಳಿದರೆ ಕೊಸರು ಬೇರೆ ಹಾಕಬೇಕಾಗುತ್ತಿತ್ತು.”

ಹುಡುಗಿ ಅಷ್ಟರಲ್ಲಿ ಪೆನ್ನು ತೆಗೆದುಕೊಂಡು ಚೀಟಿಯ ಮೇಲೆ 228ರ ಮುಂದೆ ಒಂದು ಕೂಡಿಸುವ ಚಿಹ್ನೆ ಹಾಕಿ, ‘ಮಾವ’ ಎಂದು ಬರೆಯುತ್ತಿದ್ದಳು.